ಮುದುಕಿಯ ಬ್ರೇಕು

ಡ್ರಾಯಿಂಗ್ ಮಾಸ್ತರು ಸತ್ತಿದ್ದು ಭಾನುವಾರ ಮಧ್ಯಾಹ್ನ. ಮನೆಯ ಹಿಂದಿನ ಇಳಿಜಾರಿನಲ್ಲಿ, ಅರ್ಧ ಕತ್ತರಿಸಿದ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಅವರದೇ ಟ್ರ್ಯಾಕ್ಟರಿನ ಮುಂದಿನ ಗಾಲಿ ಅವರ ಎದೆ ಹತ್ತಿ ನಿಂತಿತ್ತು. ನಾಲ್ಕು ಗಂಟೆಗೆ ಟೀ ತಂದ ಮಗಳು ಕಪ್ಪು ಕೆಳಗೆ ಬಿಟ್ಟು ಕಿರುಚಿದಳು.

ಟ್ರ್ಯಾಕ್ಟರ್ ಎಂದರೆ ಹೊಲ ಉಳುವ ದೈತ್ಯ ಅಲ್ಲ. ಕೈತೋಟದ ಹುಲ್ಲು ಕತ್ತರಿಸುವ, ಎಮ್ಮೆಗರುವಿನಷ್ಟು ಎತ್ತರದ ಗಾಡಿ. ವಯಸ್ಸು ನಲವತ್ತೈದು. ಮೂವರು ಗೆಳೆಯರು ಸೇರಿ ಅದಕ್ಕೆ ‘ಮುದುಕಿ’ ಎಂದು ಹೆಸರಿಟ್ಟಿದ್ದರು: ಮಾಸ್ತರು, ಬೀದಿ ಕೊನೆಯ ಟೈಲರ್, ಮತ್ತು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದ ಮೆಕ್ಯಾನಿಕ್. ಹತ್ತು ವರ್ಷದಿಂದ ಮೂವರ ಶನಿವಾರಗಳನ್ನೆಲ್ಲ ಮುದುಕಿಯೇ ನುಂಗಿದ್ದಳು. ಕಟ್ಟಿಕೊಂಡವಳಿಗೆ ಮಾಡದ ಸೇವೆ ಈ ತುಕ್ಕಿಗೆ ಮಾಡುತ್ತಾರೆ ಎಂದು ಬೀದಿಯವರು ನಗುತ್ತಿದ್ದರು.

ಇನ್ಸ್‌ಪೆಕ್ಟರ್ ಮಂಡಿಯೂರಿ ಗಾಡಿಯ ಕೆಳಗೆ ಇಣುಕಿದರು. ಬ್ರೇಕ್ ಪೆಡಲಿನಿಂದ ಬರುವ ಸಲಾಕೆ ಜೋತಾಡುತ್ತಿತ್ತು. ಅದನ್ನು ಬ್ರೇಕಿಗೆ ಸೇರಿಸುವ ಬೆರಳುದ್ದದ ಪಿನ್ನು ಇರಲಿಲ್ಲ. ಅವರು ಎದ್ದು ಕೈ ಒರೆಸಿಕೊಂಡರು.

"ಬ್ರೇಕ್ ಹಿಡಿದಿಲ್ಲ. ಕಡೇ ಸಲ ರಿಪೇರಿ ಮಾಡಿದ್ದು ಯಾರು?"

ಗುಂಪಿನ ಎಲ್ಲರ ಕಣ್ಣೂ ಅವರ ಪಕ್ಕದಲ್ಲಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಕಡೆ ತಿರುಗಿತು. ಠಾಣೆಯಲ್ಲಿ ಅವಳಿಗೆ ‘ಭೂತಗನ್ನಡಿ’ ಎಂದು ಅಡ್ಡಹೆಸರು. ಯಾರ ಕಣ್ಣಿಗೂ ಬೀಳದ್ದು ಅವಳ ಕಣ್ಣಿಗೆ ಬೀಳುತ್ತಿತ್ತು. ಈಗ ಆ ಕಣ್ಣುಗಳು ನೆಲ ನೋಡುತ್ತಿದ್ದವು.

"ನಮ್ಮಪ್ಪ, ಸರ್," ಅಂದಳು. "ನಿನ್ನೆ."

ಅಷ್ಟರಲ್ಲಿ ಟೈಲರ್ ಓಡೋಡಿ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಗೇಟಿನ ಹತ್ತಿರ ಯಾರೋ ಬ್ರೇಕ್ ಕೈಕೊಟ್ಟಿತಂತೆ ಎಂದರು. ಅವನು ಹೆಣದ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ಕೈಮುಗಿದ.

"ಮೇಸ್ತ್ರಿನ ಏನೂ ಅನ್ಬೇಡಿ ಸಾರ್. ಪಾಪ, ಅವನಿಗೆ ಮರೆವು. ಒಂದು ಪಿನ್ನು ಹಾಕೋದು ಮರೆತಿರ್ತಾನೆ. ಬೇಕು ಅಂತ ಮಾಡಿದ್ದಲ್ಲ."

ಬೆನ್ನು ಸವರಿದಂತೆ ಮಾಡಿ ಬೆನ್ನಿಗೆ ಗುದ್ದಿದ ಹಾಗಿತ್ತು ಆ ಮಾತು.

*

ಅವಳು ತಮ್ಮ ಮನೆಯ ಬಾಗಿಲು ತೆಗೆದಾಗ ಮೇಸ್ತ್ರಿ ಒಗೆದ ಅಂಗಿ ತೊಟ್ಟು ಮಂಚದ ಅಂಚಿಗೆ ಕೂತಿದ್ದರು. ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. ಪಕ್ಕದ ಮನೆಯವರು ಕಿಟಕಿಯಿಂದಲೇ ಸುದ್ದಿ ಮುಟ್ಟಿಸಿದ್ದರು. ಅಂಥ ಸೇವೆಗೆ ಪಕ್ಕದ ಮನೆಯವರು ಯಾವತ್ತೂ ಹಿಂದೆ ಬೀಳುವುದಿಲ್ಲ.

"ಪುಟ್ಟಿ, ನಾನು ಪಿನ್ನು ಹಾಕಿದ್ನಾ?"

"ಹಾಕಿರ್ತೀಯ ಅಪ್ಪ."

"ನೆನಪಿಲ್ಲ ಮಗಾ. ಬಿಚ್ಚಿದ್ದು ನೆನಪಿದೆ. ಗ್ರೀಸ್ ಹಚ್ಚಿದ್ದು ನೆನಪಿದೆ. ಆಮೇಲೆ ಏನೂ ಇಲ್ಲ." ಅವರು ಎರಡೂ ಕೈ ಮುಂದೆ ಚಾಚಿದರು. "ನಡಿ, ಠಾಣೆಗೆ ಹೋಗೋಣ. ನಾನೇ ಕೊಂದೆ ಅವನನ್ನ."

ಅವಳು ಎಷ್ಟೋ ಕಳ್ಳರ ಬಾಯಿ ಬಿಡಿಸಿದ್ದಳು. ಅಪ್ಪನ ಬಾಯಿ ಮುಚ್ಚಿಸುವ ದಾರಿ ಅವಳಿಗೆ ಗೊತ್ತಾಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಕಳ್ಳನ ಕೆಲಸ. ಇಲ್ಲಿ ಕದಿಯದವನೇ ಹೆಗಲು ಒರೆಸಿಕೊಳ್ಳುತ್ತಿದ್ದ. ಅವಳಿಗೆ ಅಳು ಬಂತು. ಅಳದೆ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ಆಗ ಕಿಸೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು.

ಉಗುರುಬಣ್ಣದ ಸೀಸೆ. ನೇರಳೆ ಬಣ್ಣ.

ಅವಳ ಕೈ ಅಲ್ಲೇ ನಿಂತಿತು.

ಮರೆವು ಶುರುವಾದ ಮೇಲೆ ಅಪ್ಪ ಕಂಡುಕೊಂಡ ಉಪಾಯ ಅದು. ನಟ್ಟೋ ಪಿನ್ನೋ ಹಾಕಿ ಮುಗಿಸಿದ ಕೂಡಲೇ ಅದರ ಮೇಲೊಂದು ಚುಕ್ಕೆ ಇಡುವುದು. ಚುಕ್ಕೆ ಇದ್ದರೆ ಕೆಲಸ ಮುಗಿದಿದೆ, ಇಲ್ಲದಿದ್ದರೆ ಇಲ್ಲ. ಗೆಳೆಯರಿಗೆ ಹೇಳಲು ನಾಚಿಕೆ. ಗೊತ್ತಿದ್ದದ್ದು ಮಗಳಿಗೆ ಮಾತ್ರ. ಇಷ್ಟು ದಿನ ಕೆಂಪು ಬಣ್ಣ. ಶುಕ್ರವಾರ ಅಂಗಡಿಯಲ್ಲಿ ಕೆಂಪು ಮುಗಿದಿತ್ತು. "ಪೊಲೀಸಮ್ಮನ ಕೈಗೆ ಬಣ್ಣ ಬೇರೆ!" ಎಂದು ಅಂಗಡಿಯಾಕೆ ಕಿಚಾಯಿಸಿ ನೇರಳೆ ಕೊಟ್ಟಿದ್ದಳು. ಅಪ್ಪ ಅದನ್ನು ಮೊದಲು ತೆರೆದದ್ದೇ ಶನಿವಾರ, ಮುದುಕಿಯ ಬ್ರೇಕಿಗೆ.

*

ಸೋಮವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ತೋಟದಲ್ಲೇ ಸಿಕ್ಕರು.

"ನೋಡಮ್ಮ, ಇದು ನಿಮ್ಮಪ್ಪನ ಕೇಸು. ನೀನು ಫೈಲು ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ ಸರ್. ನೋಡಬಹುದಾ?"

"ನಿನ್ನ ಕಣ್ಣಿಗೆ ಯಾರು ಬೀಗ ಹಾಕ್ತಾರೆ?"

ಅವಳು ಹುಲ್ಲಿನ ಮೇಲೆ ಮಲಗಿ ಟಾರ್ಚು ಬಿಟ್ಟಳು. ಪಿನ್ನು ಕೂರುವ ತೂತಿನ ಅಂಚಿನಲ್ಲಿ, ಗ್ರೀಸಿನ ನಡುವೆ, ಉಗುರಿನ ಚೂರಿನಷ್ಟು ನೇರಳೆ. ಅರ್ಧ ಚುಕ್ಕೆ.

"ಸರ್, ಒಂದ್ನಿಮಿಷ ಬಗ್ಗಿ."

ಇನ್ಸ್‌ಪೆಕ್ಟರ್ ಮೊಣಕಾಲಿಗೆ ಬೈದುಕೊಂಡು ಬಗ್ಗಿದರು. ಅವಳು ಚುಕ್ಕೆಯ ಕಥೆ ಹೇಳಿದಳು.

"ಪಿನ್ನು ಹಾಕಿದ ಮೇಲೇ ಅಪ್ಪ ಬಣ್ಣ ಇಡೋದು. ಪಿನ್ನಿನ ತಲೆ ಮೇಲೂ ಅಂಚಿನ ಮೇಲೂ ಸೇರಿ ಒಂದೇ ಚುಕ್ಕೆ. ಪಿನ್ನು ಹಾಕದೇ ಇದ್ದಿದ್ರೆ ಈ ಅರ್ಧ ಇಲ್ಲಿ ಇರ್ತಿರಲಿಲ್ಲ. ಯಾರೋ ಆಮೇಲೆ ಕಿತ್ತಿದ್ದಾರೆ. ಇನ್ನರ್ಧ ಅವರ ಹತ್ರ ಇದೆ."

"ತಾನಾಗೇ ಬಿದ್ದಿದ್ರೆ?"

"ಪಿನ್ನಿಗೆ ಕ್ಲಿಪ್ಪು ಇರುತ್ತೆ. ಎರಡೂ ಬಿದ್ದಿದ್ರೆ ಹುಲ್ಲಲ್ಲಿ ಸಿಗಬೇಕಿತ್ತು. ನಿನ್ನೆ ನಿಮ್ಮವರು ಅಯಸ್ಕಾಂತ ಹಿಡಿದು ಬಾಚಿದ್ರಲ್ಲ?"

ಅಯಸ್ಕಾಂತಕ್ಕೆ ಸಿಕ್ಕಿದ್ದು ಎರಡು ಮೊಳೆ, ಒಂದು ತುಕ್ಕು ಹಿಡಿದ ಚಮಚ.

ಅವಳು ಮುದುಕಿಯ ಸುತ್ತ ಒಂದು ಸುತ್ತು ಬಂದಳು. ಮೈತುಂಬ ಹುಲ್ಲಿನ ಪುಡಿ. ಹಿಂದೆ ಟ್ರಾಲಿ ಸಿಕ್ಕಿಸುವ ಕಬ್ಬಿಣದ ಕೊಂಡಿ ಮಾತ್ರ ಒರೆಸಿಟ್ಟ ಹಾಗೆ ಚೊಕ್ಕ. ಕೀಲಿ ‘ಆನ್’ನಲ್ಲಿತ್ತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್. ಅವಳು ಟ್ಯಾಂಕಿನ ಕೆಳಗೆ ಕೈಹಾಕಿ, ಪೆಟ್ರೋಲ್ ಬಿಡುವ, ನಿಲ್ಲಿಸುವ ಪುಟ್ಟ ಕಾಕನ್ನು ಮುಟ್ಟಿ ನೋಡಿದಳು.

ಮುಚ್ಚಿತ್ತು.

"ಇದನ್ನ ನಿನ್ನೆಯಿಂದ ಯಾರಾದ್ರೂ ಮುಟ್ಟಿದಾರಾ?"

"ಪೇದೆ ಕಾವಲಿದ್ದ. ಯಾರೂ ಮುಟ್ಟಿಲ್ಲ."

*

ಮಧ್ಯಾಹ್ನ ಡಾಕ್ಟರ ವರದಿ ಬಂತು. ಸಾವು ತಲೆಯ ಹಿಂಭಾಗಕ್ಕೆ ಬಿದ್ದ ಪೆಟ್ಟಿನಿಂದ. ಗಾಲಿ ಎದೆ ಹತ್ತುವಾಗ ಉಸಿರಿರಲಿಲ್ಲ.

ಅಪಘಾತ ಹೋಗಿ ಕೊಲೆ ಆಯಿತು. ಇನ್ಸ್‌ಪೆಕ್ಟರ್ ಮೊದಲು ಹಿಡಿದದ್ದು ಮಾಸ್ತರ ಅಳಿಯನನ್ನು. ಆ ಇಳಿಜಾರು ಸಮ ಮಾಡಿ ಕಾರು ನಿಲ್ಲಿಸುವ ಶೆಡ್ಡು ಕಟ್ಟಬೇಕೆಂದು ಅವನಿಗೆ ಆಸೆ. ಹೋದ ವಾರ ಮಾವನ ಜೊತೆ ಬೀದಿಗೆ ಕೇಳುವಂತೆ ಜಗಳ ಆಡಿದ್ದ. ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇದ್ದ.

"ಟಿವಿ ನೋಡ್ತಾ ನಿದ್ದೆ ಹೋಗಿದ್ದೆ ಸಾರ್. ಆಣೆ ಮಾಡ್ತೀನಿ."

"ಈ ಗಾಡಿ ಸ್ಟಾರ್ಟ್ ಮಾಡಿ ನೋಡೋಣ," ಅಂದಳು ಅವಳು.

ಅಳಿಯ ಸೀಟಿಗೆ ಹತ್ತಿ ಕೀಲಿ ತಿರುಗಿಸಿದ. ಮುದುಕಿ ಕೆಮ್ಮಿದಳು. ಇನ್ನೊಮ್ಮೆ ತಿರುಗಿಸಿದ. ಹತ್ತು ಸಲ ತಿರುಗಿಸಿ ಬೆವರು ಒರೆಸಿಕೊಂಡ. "ಬ್ಯಾಟರಿ ಹೋಗಿದೆ ಅನ್ಸುತ್ತೆ. ಈ ಡಬ್ಬ ನಂಗೆ ಒಗ್ಗಲ್ಲ. ಮಾವ ಮುಟ್ಟೋಕೂ ಬಿಡ್ತಿರಲಿಲ್ಲ."

ಕಾಕ್ ಎನ್ನುವುದೊಂದಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ತೆರೆದು ಕೀಲಿ ತಿರುಗಿಸಿದಳು. ಮುದುಕಿ ಗುಡುಗುತ್ತ ಎದ್ದಳು.

ಇನ್ಸ್‌ಪೆಕ್ಟರನ್ನು ಬೇಲಿಯ ಬಳಿ ಕರೆದೊಯ್ದಳು.

"ಸರ್, ಕೀಲಿ ಹೇಳುತ್ತೆ, ಎಂಜಿನ್ ಓಡ್ತಿತ್ತು ಅಂತ. ಕಾಕ್ ಹೇಳುತ್ತೆ, ಕೆಲಸ ಮುಗಿಸಿ ನಿಲ್ಲಿಸಿದ್ರು ಅಂತ. ಎರಡೂ ನಿಜ ಆಗಲ್ಲ. ಗಾಡಿನ ಇಳಿಜಾರಿನ ಮೇಲಕ್ಕೆ ಓಡಿಸಿ ನಿಲ್ಲಿಸಿದವರು ಕಾಕ್ ಮುಚ್ಚಿದಾರೆ. ಆಮೇಲೆ ಮಾಸ್ತರು ಕೆಲಸ ಮಾಡ್ತಿದ್ರು ಅಂತ ತೋರಿಸೋಕೆ ಕೀಲಿ ಆನ್ ಮಾಡಿ, ಪಿನ್ನು ಕಿತ್ತು ಗಾಡಿನ ಕೆಳಕ್ಕೆ ಉರುಳಿಸಿದಾರೆ."

"ಅಷ್ಟು ಜಾಣ ಕಾಕ್ ಯಾಕೆ ಮರೀತಾನೆ?"

"ಮುಚ್ಚಿದ್ದು ತಲೆ ಅಲ್ಲ ಸರ್, ಕೈ. ಮುದುಕಿಯ ಕಾರ್ಬುರೇಟರ್ ಸೋರುತ್ತೆ. ಕಾಕ್ ತೆರೆದೇ ಬಿಟ್ರೆ ಪೆಟ್ರೋಲೆಲ್ಲ ಇಳಿದು ಎಂಜಿನ್ ಆಯಿಲ್‌ಗೆ ಸೇರ್ಕೊಳ್ಳುತ್ತೆ. ಅದಕ್ಕೆ ಇಳಿಯುವಾಗ ಕಾಕ್ ಮುಚ್ಚೋದು ಮೂವರಿಗೂ ಅಭ್ಯಾಸ. ಮಾಸ್ತರು, ಟೈಲರ್ ಮಾಮ, ನಮ್ಮಪ್ಪ."

"ಹಾಗಾದ್ರೆ ನಿಮ್ಮಪ್ಪನೂ ಲೆಕ್ಕಕ್ಕೆ ಬಂದ್ರು."

"ಅವರು ಹೊರಗೆ ಬರೋ ಹಾಗಿರಲಿಲ್ಲ ಸರ್." ಅವಳ ದನಿ ಇಳಿಯಿತು. "ಡ್ಯೂಟಿಗೆ ಬರುವಾಗ ನಾನು ಹೊರಗಿನಿಂದ ಬೀಗ ಹಾಕ್ತೀನಿ. ಕಿಟಕಿಗೆ ಕಂಬಿ ಇದೆ. ಬೀಗದ ಕೈ ಠಾಣೆಯಲ್ಲಿ ನನ್ನ ಡ್ರಾಯರಲ್ಲಿತ್ತು."

ಹೆತ್ತ ಅಪ್ಪನನ್ನು ಕೂಡಿಹಾಕುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇನ್ಸ್‌ಪೆಕ್ಟರ್ ಬೇಲಿಯ ತಂತಿ ನೋಡುತ್ತ ನಿಂತರು.

"ಟೈಲರ್ ನಿಂಗೆ ಹತ್ತಿರದವರಾ?"

"ನಾನು ಕೆಲಸಕ್ಕೆ ಸೇರಿದಾಗ ಮೊದಲ ಯೂನಿಫಾರ್ಮ್ ಹೊಲಿದುಕೊಟ್ಟಿದ್ದು ಅವರೇ. ಕೂಲಿ ಮುಟ್ಟಲಿಲ್ಲ."

*

ಟೈಲರ್ ಅಂಗಡಿಯ ಗೋಡೆಗೆ ಸಾಲು ಸಾಲು ಡಬ್ಬಿಗಳು. ಗುಂಡಿ, ಕೊಕ್ಕೆ, ಜಿಪ್ಪು, ಎಲ್ಲ ಅಳತೆ ಪ್ರಕಾರ. ಕೆಳಗಿನ ಸಾಲು ಟ್ರ್ಯಾಕ್ಟರಿನದು: ವಾಷರ್, ನಟ್ಟು, ಸ್ಪ್ರಿಂಗು, ಪಿನ್ನು. ಟೈಲರ್ ಏನನ್ನೂ ಎಸೆದವನಲ್ಲ. ಹಳೆ ಗಾಡಿ ಸಾಕುವವರು ಯಾರೂ ಎಸೆಯುವುದಿಲ್ಲ. ಹೊಸದು ಎಲ್ಲೂ ಸಿಗುವುದಿಲ್ಲ.

"ಬಾ ಪುಟ್ಟಿ. ಅಪ್ಪ ಹೇಗಿದಾನೆ?"

"ಹಾಗೇ ಇದಾರೆ ಮಾಮ. ಮುದುಕಿನ ಠಾಣೆಗೆ ಸಾಗಿಸಬೇಕು, ಬ್ರೇಕಿಗೆ ಪಿನ್ನಿಲ್ಲ. ನಿಮ್ಮ ಹತ್ರ ಆ ಅಳತೇದು ಇದೆಯಾ?"

"ಇಲ್ಲದೆ ಏನು?"

ಅವನ ಕೈ ನೇರ ಮೂರನೇ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದ. ಐದಾರು ಪಿನ್ನು. ಒಂದನ್ನು ಆರಿಸಿದ ಬೆರಳು ಸ್ವಲ್ಪ ತಡೆಯಿತು. ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿಕೊಟ್ಟ.

ಅವನು ಬಿಟ್ಟದ್ದನ್ನೇ ಅವಳು ಕರವಸ್ತ್ರದಲ್ಲಿ ಎತ್ತಿಕೊಂಡಳು. ತಲೆಯ ಮೇಲಿನ ಗ್ರೀಸನ್ನು ಮೆಲ್ಲಗೆ ಒರೆಸಿದಳು. ಅರ್ಧ ಚುಕ್ಕೆ. ನೇರಳೆ.

"ಶನಿವಾರ ಅಪ್ಪ ಇಟ್ಟ ಬಣ್ಣ ಇದು ಮಾಮ. ಇದರ ಇನ್ನರ್ಧ ಮುದುಕಿಯ ಬ್ರೇಕಲ್ಲಿದೆ. ಭಾನುವಾರ ಪಿನ್ನು ಇಲ್ಲಿಗೆ ಹೇಗೆ ಬಂತು?"

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಟೈಲರ್ ಅವರನ್ನು ನೋಡಿದ, ಪಿನ್ನನ್ನು ನೋಡಿದ.

"ಪಿನ್ನು ಇಲ್ಲ ಅಂತ ಭಾನುವಾರ ನಾವು ಯಾರಿಗೂ ಹೇಳಿರಲಿಲ್ಲ," ಅಂದಳು ಅವಳು. "ಬ್ರೇಕ್ ಕೆಡೋಕೆ ಹತ್ತು ಕಾರಣ ಇರುತ್ತೆ. ನೀವು ಬಂದವರೇ ಪಿನ್ನು ಅಂದ್ರಿ."

ಟೈಲರ್ ಸ್ಟೂಲಿನ ಮೇಲೆ ಕೂತ. ಅಳತೆ ಟೇಪನ್ನು ಕೊರಳಿನಿಂದ ತೆಗೆದು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಒಳ್ಳೇ ಪಿನ್ನು. ಎಸೆಯೋಕೆ ಕೈ ಬರಲಿಲ್ಲ," ಅಂದ.

ಆಮೇಲೆ ತಾನಾಗೇ ಹೇಳಿದ. ಗುಜರಿಯಲ್ಲಿ ಮುದುಕಿಯನ್ನು ಕಂಡವನು ಅವನು. ತನ್ನ ಗಾಡಿಯ ಎಂಜಿನ್ ಬಿಚ್ಚಿ ಅದಕ್ಕೆ ಹಾಕಿದವನೂ ಅವನೇ. ಇಡಲು ಜಾಗ ಇದ್ದದ್ದು ಮಾಸ್ತರ ಮನೆಯಲ್ಲಿ. ನನಗೆ ಹತ್ತೋಕಾಗದ ದಿನ ನಿನಗೇ ಎಂದು ಮಾಸ್ತರು ಮಾತು ಕೊಟ್ಟಿದ್ದರು. ಭಾನುವಾರ ಹೋದಾಗ ಬೇರೆ ಮಾತು.

"ಮೇಸ್ತ್ರಿಗೆ ಕೊಡ್ತೀನಿ ಅಂದ. ಅವನ ತಲೆ ಮರೆತರೂ ಕೈ ಮರೆತಿಲ್ಲ, ಆ ಕೈಗೆ ಕೆಲಸ ಇರಲಿ ಅಂದ. ಹತ್ತು ವರ್ಷ ಕಾದಿದ್ದೆ ಪುಟ್ಟಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೂಕಿದೆ. ಹಿಂದಕ್ಕೆ ಬಿದ್ದ, ತಲೆ ಕೊಂಡಿಗೆ ಹೊಡೀತು. ಎಬ್ಬಿಸಿದೆ. ಏಳಲಿಲ್ಲ."

"ಅಪ್ಪನ ಮೇಲೆ ಯಾಕೆ ಹಾಕಿದ್ರಿ?"

"ಅವನನ್ನ ಯಾರೂ ಜೈಲಿಗೆ ಹಾಕಲ್ಲ ಅಂತ." ಅವನು ತಲೆ ಎತ್ತಲಿಲ್ಲ. "ಎರಡು ದಿನಕ್ಕೆ ಮರೀತಾನೆ ಅಂದ್ಕೊಂಡೆ. ಅವನಿಗೆ ನೋವಾಗಲ್ಲ ಅಂದ್ಕೊಂಡೆ."

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದು ಎಬ್ಬಿಸಿದರು.

*

ಅರ್ಧ ಚುಕ್ಕೆಗೆ ಅರ್ಧ ಚುಕ್ಕೆ ಸರಿಯಾಗಿ ಕೂತಿತು. ಮೇಸ್ತ್ರಿಯ ಹೆಸರು ಫೈಲಿನಿಂದ ಹೋಯಿತು. ಅದನ್ನು ಅವರ ತಲೆಯಿಂದ ತೆಗೆಯುವುದು ಮಾತ್ರ ಯಾರ ಕೈಲೂ ಆಗಲಿಲ್ಲ. ಊಟ ಮಾಡಿದ್ದು ಮರೆಯುತ್ತಿದ್ದರು, ಸ್ನಾನ ಮರೆಯುತ್ತಿದ್ದರು. ಮಾಸ್ತರು ಸತ್ತದ್ದು ಮರೆಯಲಿಲ್ಲ. ದಿನಾ ಬೆಳಿಗ್ಗೆ ಎದ್ದು ಅದೇ ಪ್ರಶ್ನೆ.

"ಪುಟ್ಟಿ, ನಾನು ಪಿನ್ನು ಹಾಕಿದ್ನಾ?"

ಮೊದಲ ದಿನ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟೈಲರ್ ಹೆಸರು ಕೇಳಿ ಮೇಸ್ತ್ರಿ ಎದೆ ಹಿಡಿದುಕೊಂಡು ಅತ್ತರು. ಎರಡನೇ ದಿನ ಮತ್ತೆ ಕೇಳಿದರು, ಮತ್ತೆ ಹೇಳಿದಳು. ಅವರಿಗೆ ಅದು ಹೊಸ ಸುದ್ದಿ. ಮತ್ತೆ ಅಷ್ಟೇ ಅತ್ತರು. ಮೂರನೇ ದಿನವೂ ಹಾಗೇ. ಹೇಳದಿದ್ದರೆ ಅಪ್ಪ ಕೊಲೆಗಾರನಾಗಿ ಕೂರುತ್ತಿದ್ದ, ಹೇಳಿದರೆ ದಿನಕ್ಕೊಮ್ಮೆ ಇಬ್ಬರು ಗೆಳೆಯರನ್ನು ಕಳೆದುಕೊಳ್ಳುತ್ತಿದ್ದ. ಅವಳಿಗೆ ಬೇರೆ ದಾರಿ ಹೊಳೆಯಲಿಲ್ಲ.

ಕೋರ್ಟಿನಲ್ಲಿ ಪ್ರಮಾಣ ಮಾಡಿ ಎಲ್ಲ ನಿಜ ಹೇಳಿ ಬಂದ ಮಾರನೇ ಬೆಳಿಗ್ಗೆ, ಅವಳು ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಪಿನ್ನು ಹಾಕಿದ್ದೆ ಅಪ್ಪ. ಬ್ರೇಕ್ ಸರಿಯಾಗೇ ಇತ್ತು. ಮಾಸ್ತರು ಕಾಲು ಜಾರಿ ಬಿದ್ರು. ಯಾರ ತಪ್ಪೂ ಅಲ್ಲ."

ಮೇಸ್ತ್ರಿ ಅವಳ ಮುಖವನ್ನೇ ನೋಡಿದರು. ಆಮೇಲೆ ಉಸಿರು ಬಿಟ್ಟು ಅವಳ ಕೈ ಹಿಡಿದುಕೊಂಡರು.

"ಟೈಲರ್‌ಗೆ ಹೇಳಿದ್ರಾ?" ಅಂದರು. "ಮೆಲ್ಲಗೆ ಹೇಳಿ ಮಗಾ. ಪಾಪ, ಅವನು ತಡ್ಕೊಳ್ಳಲ್ಲ."

"ಹೇಳಿದ್ದೀವಿ ಅಪ್ಪ," ಅಂದಳು ಅವಳು.