ವಾಚನಾಲಯದೊಳಗಿನ ಛತ್ರಿ

ಇಂಡಿ ಊರಿನ ಹೊಸ ವಾಚನಾಲಯದಲ್ಲಿ ಆ ಬೆಳಿಗ್ಗೆ ಇಬ್ಬರು ಹುಡುಗಿಯರು ಛತ್ರಿ ಬಿಚ್ಚಿಕೊಂಡು ಓದುತ್ತಿದ್ದರು. ಮಾಳಿಗೆ ಸೋರುತ್ತಿರಲಿಲ್ಲ. ಉತ್ತರದ ಕಿಟಕಿಯಿಂದ ವೈಶಾಖದ ಬಿಸಿಲು ನೇರ ಪುಸ್ತಕದ ಮೇಲೆ ಬೀಳುತ್ತಿತ್ತು.

ಹಾಗೆ ಬೀಳಬಾರದಿತ್ತು. ಕಟ್ಟಡ ಏಳುವ ಮೊದಲೇ ರೇಣುಕಾ ವರ್ಷವಿಡೀ ಬರುವ ಸೂರ್ಯನನ್ನು ತನ್ನ ಲ್ಯಾಪ್‌ಟಾಪಿನೊಳಗೆ ಓಡಿಸಿ, ಯಾವ ಮೇಜಿಗೆ ಎಷ್ಟು ಬೆಳಕು ಎಂದು ಬಣ್ಣಬಣ್ಣದಲ್ಲಿ ತೋರಿಸಿದ್ದಳು. ಕಮಿಟಿಯವರು ತಲೆಯಾಡಿಸಿದ್ದರು. ಸೂರ್ಯನ ಒಪ್ಪಿಗೆ ಮಾತ್ರ ಯಾರೂ ಕೇಳಿರಲಿಲ್ಲ. ಚಳಿಗಾಲದ ಉದ್ಘಾಟನೆಗೆ ಅವನು ಸುಮ್ಮನಿದ್ದ. ಬೇಸಿಗೆಗೆ ಒಳಗೇ ಬಂದು ಕೂತ.

ರೇಣುಕಾ ಇದೇ ಊರಿನ ಮಗಳು, ವಿಜಯಪುರದಲ್ಲಿ ಆರ್ಕಿಟೆಕ್ಟ್. ಸುದ್ದಿ ಕೇಳಿ ಮೊದಲ ಬಸ್ಸಿಗೆ ಬಂದಿದ್ದಳು. ಸಿಟ್ಟು ಅವಳಿಗಿಂತ ಮೊದಲೇ ಬಸ್ಸಿನಿಂದ ಜಿಗಿದಿತ್ತು. ಅದು ಹುಡುಕುತ್ತಿದ್ದುದು ಸೈಟ್ ಎಂಜಿನಿಯರ್ ಕಲ್ಮೇಶನನ್ನು, ಹೈವೇ ಪಕ್ಕದ ಝಳಕಿಯವನು. ಒಂದು ವರ್ಷ ದಿನಾ ಫೋನು. ಕಿಟಕಿಯ ಎತ್ತರದಿಂದ ಶುರುವಾದ ಮಾತು 'ಊಟಾ ಆತೇನ್ರಿ' ತನಕ ಬಂದು ನಿಂತಿತ್ತು. ಅದರಾಚೆ ಕಾಲಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಕಿಟಕಿಯ ಬಳಿ ಅವನು ಸಿಕ್ಕ ಕೂಡಲೇ ಗೋಡೆ ತೋರಿಸಿದಳು. "ಗ್ವಾಡಿ ಯಾಕ ತಿರಿವಿ ಕಟ್ಟೀರಿ?"

"ನಾ ಯಾಕ ತಿರುವ್ಲಿರಿ? ಗ್ವಾಡಿ ಏನ್ ಎತ್ತೇನು, ಹಗ್ಗಾ ಹಿಡದು ತಿರುವಾಕ?"

"ನಗಬ್ಯಾಡ್ರಿ."

"ನಗಾಕತ್ತಿಲ್ರಿ. ನನ್ನ ಮಾರಿನ ಹಿಂಗೈತಿ."

ಅರ್ಧ ಮುಖ ಬಿಸಿಲಿನಲ್ಲಿಟ್ಟು ಅವನು ಒಂದು ಕಣ್ಣು ಕಿರಿದು ಮಾಡಿ ನಿಂತಿದ್ದ. ರೆಪ್ಪೆಯ ಮೇಲೆ ಎಲ್ಲಿಯದೋ ಸಿಮೆಂಟಿನ ಧೂಳು. ಅದನ್ನು ಗಮನಿಸಿದ್ದಕ್ಕೆ ರೇಣುಕಾಳಿಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷ ರಾವಸಾಬ ಒಳಬಂದರು. "ಏನವ್ವಾ, ನಿನ್ನ ಕಂಪ್ಯೂಟರನ್ಯಾಗಿನ ಸೂರ್ಯಾಗ ನಮ್ಮೂರ ಹಾದಿ ಗೊತ್ತಿಲ್ಲೇನು? ನಾಳೆ ಇಟ್ಟಂಗಿ ಬರ್ತಾವ. ಕಿಟಕಿ ಎಲ್ಲಾ ಮುಚ್ಚಿ ಟ್ಯೂಬ್‌ಲೈಟ್ ಹಾಕೂದು."

ರೇಣುಕಾ ಹೋಗಿ ಕಿಟಕಿಗೆ ಅಡ್ಡ ನಿಂತಳು. ಆ ಕಿಟಕಿಗಳಿಗಾಗಿಯೇ ಅವಳು ಈ ಕಟ್ಟಡ ಬರೆದದ್ದು. ಬಾಯಿ ತೆರೆಯುವಷ್ಟರಲ್ಲಿ ಕಲ್ಮೇಶ ಅಂದ, "ತಪ್ಪು ನಂದ್ರಿ. ಪಾಯಾದ ಮಾರ್ಕಿಂಗ್ ಮಾಡೂ ಮುಂದ ನಾನ ದಾರಾ ಓರಿ ಹಿಡದೆ."

"ಹಂಗಾರ ಮುಂದ ಕಟ್ಟೂ ಕಲ್ಯಾಣ ಮಂಟಪದ ಕೆಲಸಕ್ಕ ನೀ ಬರೂದು ಬ್ಯಾಡ," ಎಂದು ರಾವಸಾಬರು ಚಹಾಕ್ಕೆ ಹೋದರು.

ರೇಣುಕಾ ಗೆದ್ದಿದ್ದಳು. ಗೆಲುವು ವಾಚನಾಲಯದ ಮೆಟ್ಟಿಲು ಇಳಿಯುವ ತನಕ ಬಾಳಿತು. ಪಕ್ಕದಲ್ಲೇ ಹಳೆಯ ಕಲ್ಲಿನ ಗುಡಿ. ವಾಚನಾಲಯದ ಗೋಡೆ ಗುಡಿಯ ಗೋಡೆಗೆ ಗೆರೆ ಕೊರೆದಂತೆ ಸಮಾನಾಂತರವಾಗಿತ್ತು, ಅವಳು ಬರೆದುಕೊಟ್ಟ ಹಾಗೆಯೇ. ದಾರ ಓರೆಯಾಗಿರಲೇ ಇಲ್ಲ.

ಗುಡಿಯ ಬಾಗಿಲಲ್ಲಿ ನಿಂತು ಫೋನಿನ ದಿಕ್ಸೂಚಿ ತೆರೆದಳು. ಬಾಗಿಲು ಪೂರ್ವಕ್ಕಿರಲಿಲ್ಲ; ದಕ್ಷಿಣಕ್ಕೆ ಚೆನ್ನಾಗಿಯೇ ವಾಲಿತ್ತು. ಊರಿಗೆ ಊರೇ 'ಗುಡಿ ಬಾಗಿಲಾ ಪೂರ್ವಕ್ಕ' ಅನ್ನುತ್ತಿತ್ತು. ಅದನ್ನೇ ನಂಬಿ ಅವಳು ಸಾಫ್ಟ್‌ವೇರಿಗೆ ದಿಕ್ಕು ಕೊಟ್ಟಿದ್ದಳು; ಅವಳ ಉತ್ತರದ ಕಿಟಕಿ ನಿಜಕ್ಕೂ ಈಶಾನ್ಯದತ್ತ ತಿರುಗಿ ಕೂತಿತ್ತು. ಎಳ್ಳಮಾವಾಸ್ಯೆಯ ಮೊದಲ ಬಿಸಿಲು ಲಿಂಗ ಮುಟ್ಟುವುದನ್ನು ಅಜ್ಜಿಯ, ತನ್ನ ಆಯಿಯ, ಸೊಂಟದ ಮೇಲೆ ಕೂತು ನೋಡಿದವಳು ಅವಳು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆಂದು ಕಾಲೇಜಿನಲ್ಲಿ ಓದಿದವಳೂ ಅವಳೇ. ಗುಡಿ ಕಟ್ಟಿದವರು ಆ ದಿನದ ಸೂರ್ಯನಿಗೆ ಬಾಗಿಲಿಟ್ಟಿದ್ದರು. ಆಯಿಗೂ ಕಾಲೇಜಿಗೂ ಅವಳು ಭೇಟಿ ಮಾಡಿಸಿರಲಿಲ್ಲ, ಅಷ್ಟೇ.

ಇನ್ನೊಂದೂ ನೆನಪಾಯಿತು. "ಮೇಡಮ್ಮರ, ನನ್ನ ಕಂಪಾಸ್ ಬ್ಯಾರೇನ ಹೇಳಾಕತ್ತೈತಿ," ಎಂದು ಕಲ್ಮೇಶ ಪಾಯ ಹಾಕುವಾಗಲೇ ಫೋನು ಮಾಡಿದ್ದ. "ಝಳಕಿ ಕಂಪಾಸ್ ಹೈವೇ ಕಡೇನ ತಿರಗೂದು," ಎಂದು ಅವಳು ನಕ್ಕು ಫೋನು ಇಟ್ಟಿದ್ದಳು.

ತನ್ನ ಮೇಲೆ ಸಿಟ್ಟು ಬಂತು. ಅದು ಬಹಳ ಕಷ್ಟದ ಸಿಟ್ಟು. ಹಾಗಾಗಿ ಅವನ ಮೇಲೆಯೇ ತಿರುಗಿಸಿಕೊಂಡು ಒಳಗೆ ಬಂದಳು.

"ಉತ್ತರ ದಿಕ್ಕ ನಾ ತಪ್ಪು ಹಾಕೇನಿ ಅಂತ ನಿಮಗ ಗೊತ್ತಿತ್ತು."

ಅವನು ಕಿಟಕಿಯ ಅಂಚಿನ ಧೂಳು ಒರೆಸತೊಡಗಿದ.

"ಗೊತ್ತಿದ್ದೂ ನಿಮ್ಮ ತಲಿ ಮ್ಯಾಲೆ ಯಾಕ ಹಾಕ್ಕೊಂಡ್ರಿ?"

"ನನ್ನ ತಲಿ ಗಟ್ಟಿ ಐತ್ರಿ."

"ನಂದೇನ್ ಬೆಣ್ಣೀದು? ನನ್ನ ಉಳಸು ಅಂತ ಯಾರ್ ಹೇಳಿದ್ರು ನಿಮಗ?"

"ಎಂಜಿನಿಯರ್ ಒಬ್ಬ ಹ್ವಾದ್ರ ಇನ್ನೊಬ್ಬ ಬರ್ತಾನ್ರಿ. ನಿಮ್ಮ ಮಾತು ಬಿತ್ತಂದ್ರ ಈ ಊರಾಗ ಇನ್ನ ಯಾವ ಹುಡಗಿ ಡ್ರಾಯಿಂಗೂ ನಂಬೂದಿಲ್ಲ."

ಮಾತು ಸರಿಯಾಗಿತ್ತು. ಜಗಳದಲ್ಲಿ ಎದುರಿನವರು ಸರಿಯಾಗಿ ಮಾತಾಡುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ.

"ತಪ್ಪು ನಂದು. ಅದನ್ನೂ ಕಸಗೋತೀರೇನು?" ಎಂದವಳೇ ಬಾಗಿಲಿಗೆ ಹೋಗಿ, "ಕಾಕಾ, ಒಳಗ ಬರ್ರಿ," ಎಂದು ರಾವಸಾಬರನ್ನು ಕರೆದಳು.

ಗುಡಿಯ ಸಂಗತಿ ಒಂದೂ ಬಿಡದೆ ಹೇಳಿದಳು. ಬಿಸಿಲು ಬಿದ್ದ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಪರದೆ ಕಾಣಲಿಲ್ಲ. ಓದುತ್ತಿದ್ದ ಹುಡುಗಿಯೊಬ್ಬಳು ಮುಖ ಎತ್ತದೆ, "ಅಕ್ಕಾ, ಛತ್ರಿ ಬೇಕೇನ್ರಿ?" ಅಂದಳು. ಕಲ್ಮೇಶ ಇಸಿದುಕೊಂಡು ರೇಣುಕಾಳ ತಲೆಯ ಮೇಲೆ ಹಿಡಿದ. ಬೇಡವೆನ್ನಲು ಅವಳಿಗೆ ಪುರಸೊತ್ತಿರಲಿಲ್ಲ.

ಉತ್ತರ ದಿಕ್ಕನ್ನು ಅದರ ಜಾಗಕ್ಕೆ ತಂದಳು. ಪರದೆಯ ಬಿಸಿಲು ಸರಿದು ಸರಿದು ಇದೇ ಮೇಜುಗಳ ಮೇಲೆ ಕೆಂಪಗೆ ಕೂತಿತು. ಪರದೆಯಲ್ಲೇ ಪ್ರತಿ ಕಿಟಕಿಯ ಪೂರ್ವದ ಅಂಚಿಗೆ ಹೊರಗೊಂದು ಫರಸಿಕಲ್ಲಿನ ಚಪ್ಪಡಿ ನಿಲ್ಲಿಸಿ ಸೂರ್ಯನನ್ನು ಮತ್ತೆ ಓಡಿಸಿದಳು. ಕೆಂಪು ಇಳಿಯಿತು, ಓದುವ ಬೆಳಕು ಉಳಿಯಿತು.

"ಇಟ್ಟಂಗಿ ಬ್ಯಾಡ ಹಂಗಾರ. ಫರಸಿ ತರಸ್ತೇನಿ," ಅಂದರು ರಾವಸಾಬ. ಆಮೇಲೆ ಛತ್ರಿ ನೋಡಿದರು, ಛತ್ರಿ ಹಿಡಿದವನನ್ನು ನೋಡಿದರು. "ಇವ ಸುಳ್ಳ ಯಾಕ ಹೇಳಿದ?"

ಕಲ್ಮೇಶ ಛತ್ರಿಯ ಹಿಡಿಯನ್ನೇ ನೋಡಿದ, ರೇಣುಕಾ ಪರದೆಯನ್ನೇ. ಮೂರು ಹೆಣ್ಣುಮಕ್ಕಳ ತಂದೆಗೆ ಅಷ್ಟು ಸಾಕಿತ್ತು. "ಮಂಟಪದ ಕೆಲಸಾ ನಿಂದ ಇರಲಿ. ಸುಳ್ಳ ಹೇಳೂ ಮುಂದ ಮಾರಿ ಸರಿ ಇಟ್ಕೋಳೂದು ಕಲಿ," ಎಂದು ಹೊರಟರು.

"ಸಿಟ್ಟು ಹೋತೇನ್ರಿ?" ಕಲ್ಮೇಶ ಮೆಲ್ಲಗೆ ಕೇಳಿದ.

"ಇಲ್ಲ."

"ಯಾವಾಗ ಹೊಕ್ಕೈತಿ?"

"ಎಳ್ಳಮಾವಾಸಿ ಮುಂಜಾನಿ ಗುಡಿಗೆ ಬಾ. ಬಾಗಲದಾಗ ನಿಂದ್ರಿಸಿ ಬೈಯೂದೈತಿ."

"ಅಲ್ಲೀತನಾ?"

"ದಿನಾ ಫೋನ್ ಹಚ್ಚು. ಸ್ವಲ್ಪ ಸ್ವಲ್ಪ ಬೈತೇನಿ. ಒಮ್ಮೆಲೇ ಮುಗಿಯೂ ಸಿಟ್ಟಲ್ಲಿದು."

"ಈ ಜಲಮಕ್ಕ ಮುಗಿಯೂದಿಲ್ಲೇನ್ರಿ?"

ಅವಳು ಮೊದಲ ಬಾರಿ ತಲೆಯೆತ್ತಿ ಅವನನ್ನು ಸರಿಯಾಗಿ ನೋಡಿದಳು. "ಮುಗಸಾಕ ಬಿಡೂದಿಲ್ಲ."

ಬಿಸಿಲು ಆ ಮೇಜು ಬಿಟ್ಟು ಹೊರಟುಹೋಗಿ ಬಹಳ ಹೊತ್ತಾಗಿತ್ತು. ಅವನು ಛತ್ರಿ ಹಿಡಿದೇ ನಿಂತಿದ್ದ. ಇಳಿಸು ಎಂದು ಅವಳೂ ಹೇಳಲಿಲ್ಲ.