ಸಾರಿಸಿದ ಸಮುದ್ರ

ಲಕ್ಕವ್ವ ಮುಖ ತೊಳೆದು ಅಂಗಳಕ್ಕೆ ಬಂದಾಗ ಅಂಡಮಾನ್ ಸಮುದ್ರ ಇರಲಿಲ್ಲ.

ನಿನ್ನೆ ಸಂಜೆ ಇತ್ತು, ಸಾಲೆಯ ಮಕ್ಕಳು ಪಾಠಕ್ಕೆಂದು ನೆಲದ ಮೇಲೆ ಮಾಡಿದ ನಕ್ಷೆ. ಎಡಕ್ಕೆ ಎರೆಮಣ್ಣಿನ ದ್ವೀಪಗಳ ಸಾಲು, ಮೇಲೆ ಬರ್ಮಾ, ಬಲಕ್ಕೆ ಮಲಾಯಾ, ಕೆಳಗೆ ಸುಮಾತ್ರಾ. ನಡುವೆ ಬಟ್ಟೆಗೆ ಹಾಕುವ ನೀಲಿ ಕದಡಿ ಬಳಿದ ನೀರು. ಈಗ ಅಂಗಳವೆಲ್ಲ ಹಸಿ ಸೆಗಣಿಯಲ್ಲಿ ಸಾರಿಸಿ ಹಪ್ಪಳದಂತೆ ಸಪಾಟಾಗಿತ್ತು. ಅಜ್ಜಿ ರಾಚವ್ವ ಸೊಂಟ ಹಿಡಿದುಕೊಂಡು ತನ್ನ ಕೆಲಸವನ್ನು ತಾನೇ ಮೆಚ್ಚುತ್ತ ನಿಂತಿದ್ದಳು.

"ಆಯಿ, ಸಮುದ್ರ ಎಲ್ಲೈತಿ?"

"ಯಾವ ಸಮುದ್ರ ಯವ್ವಾ? ಇಲ್ಲಿ ರಾಡಿ ಬಿದ್ದಿತ್ತು. ಸಾಹೇಬ್ರು ಬರ್ತಾರಂತ ನೀನ ಹೇಳಿದಿ. ದೊಡ್ಡವ್ರು ಬರೂ ದಿನ ಅಂಗಳ ಸಾರಸಬ್ಯಾಡೇನು?"

1943ರಲ್ಲಿ ಟಿಕೋಟಾದ ಆ ಸಾಲೆ ನಡೆಯುತ್ತಿದ್ದದ್ದೇ ರಾಚವ್ವನ ಪಡಸಾಲೆಯಲ್ಲಿ. ಹಾಗಾಗಿ ವಿಜಾಪುರದಿಂದ ಬರುವ ಇನ್ಸ್‌ಪೆಕ್ಟರ್ ಸಾಹೇಬರು ಅವಳ ಲೆಕ್ಕದಲ್ಲಿ ಮನೆಗೆ ಬರುವ ಬೀಗರು.

ಲಕ್ಕವ್ವ ಪಡಸಾಲೆಯಿಂದ ರೂಲುಕೋಲು ತಂದು ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರ ಮುಂದೆ ರೂಲು ಹಿಡಿದು ಸಮುದ್ರ ತೋರಿಸುವ ಕೆಲಸ ಮೊದಲ ಬಾರಿ ಒಬ್ಬ ಹುಡುಗಿಗೆ ಸಿಕ್ಕಿತ್ತು. ತಡವರಿಸಿದರೆ ರೂಲು ಜೊತೆಯ ಹುಡುಗ ಬುಡ್ಡೇಸಾಬನಿಗೆ ಎಂದು ಗುರುಪಾದಯ್ಯ ಮಾಸ್ತರರು ಹೇಳಿದ್ದರು. ಬುಡ್ಡೇಸಾಬ ಆಗಲೇ ತಲೆಗೆ ಎಣ್ಣೆ ಹಚ್ಚಿಕೊಂಡು ತಯಾರಾಗಿ ಬಂದಿದ್ದ.

ನಿನ್ನೆ ಬಣ್ಣದ ತಕರಾರು ಬೇರೆ ಆಗಿತ್ತು. ಗೋಡೆಯ ಮ್ಯಾಪಿನಲ್ಲಿ ಅಂಡಮಾನ್‌ಗೆ ಇಂಗ್ಲಿಷರ ಕೆಂಪು ಬಣ್ಣ.

"ಹ್ವಾದ ವರ್ಷ ಜಪಾನದವ್ರು ತಗೊಂಡಾರಂತ ನೀವ ಪೇಪರ್ ಓದಿ ಹೇಳಿದ್ರಲ್ರೀ?" ಎಂದು ಲಕ್ಕವ್ವ ಕೇಳಿದ್ದಳು.

ಮಾಸ್ತರರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ದರು. "ಪೇಪರದಾಗ ತಗೊಂಡಾರ. ಮ್ಯಾಪಿನಾಗ ಇನ್ನೂ ತಗೊಂಡಿಲ್ಲ. ಕೆಂಪ ಹಚ್ಚು."

ಸಾಹೇಬರ ಟಾಂಗಾ ಬಂದು ನಿಂತಿತು. ಮಾಸ್ತರರು ಬೋಳು ಅಂಗಳ ನೋಡಿ ಕೋಟಿನ ತುದಿಯಿಂದ ಬೆವರು ಒರೆಸಿಕೊಂಡರು.

"ಸಮುದ್ರದ ಪಾಠ ಅಂದಿದ್ರಿ?" ಎಂದರು ಸಾಹೇಬರು.

"ಇತ್ತರಿ. ನಿನ್ನಿ ತನಕಾ," ಎಂದರು ಮಾಸ್ತರರು.

ಬುಡ್ಡೇಸಾಬ ರೂಲಿಗೆ ಕೈ ಚಾಚಿದ. ಲಕ್ಕವ್ವ ರೂಲು ಬಿಡಲಿಲ್ಲ. ಇನ್ನೊಂದು ಕೈಯಿಂದ ಅಜ್ಜಿಯ ರಂಗೋಲಿ ಬಟ್ಟಲು ಎತ್ತಿಕೊಂಡಳು.

"ಈ ಕಟ್ಟಿ ಬರ್ಮಾರಿ. ಆ ದನದ ಗ್ವಾದಲಿ ಮಲಾಯಾ. ನೀವು ನಿಂತದ್ದು ಸುಮಾತ್ರಾರಿ, ಸಾಹೇಬ್ರ."

ಸಾಹೇಬರು ಬೂಟು ನೋಡಿಕೊಂಡು ಅರ್ಧ ಹೆಜ್ಜೆ ಹಿಂದೆ ಸರಿದರು.

ಲಕ್ಕವ್ವ ಬಗ್ಗಿ ಒಂದೊಂದೇ ಚಿಟಿಕೆ ಬಿಟ್ಟಳು. ದಿನಾ ರಂಗೋಲಿ ಚುಕ್ಕಿ ಇಟ್ಟ ಕೈ ಅದು. "ಉತ್ತರ ಅಂಡಮಾನ್. ನಡುವಿಂದು. ದಕ್ಷಿಣದ್ದು. ಇಲ್ಲೇ ಜೇಲ ಐತ್ರಿ, ಸ್ವರಾಜ್ಯ ಕೇಳಿದವ್ರನ್ನ ಇಡ್ತಿದ್ರು."

ಮಾಸ್ತರರಿಗೆ ಕೆಮ್ಮು ಬಂತು.

"ಇದು ಸಣ್ಣ ಅಂಡಮಾನ್. ಮುಂದ ಬರೇ ನೀರು. ದಾಟಿದ್ರ ನಿಕೋಬಾರ್." ಬಲಕ್ಕೆ ಒಂಟಿಯಾಗಿ ಒಂದು ಚುಕ್ಕಿ ಇಟ್ಟಳು. "ಇದು ಬೆಂಕಿಗುಡ್ಡರಿ. ಇಲ್ಲಿ ಯಾರೂ ಇರೂದಿಲ್ಲ."

"ಚಲೋ. ಬಣ್ಣ ಯಾಕ ಹಚ್ಚಿಲ್ಲ?"

ಮಾಸ್ತರರು ಕಣ್ಣು ಮುಚ್ಚಿದರು. ಲಕ್ಕವ್ವ ಬಿಳಿ ಚುಕ್ಕಿಗಳನ್ನು ನೋಡಿದಳು.

"ಯಾರವಂತ ಇನ್ನೂ ತೀರ್ಮಾನ ಆಗಿಲ್ಲರಿ. ಅದಕ್ಕ ಬಿಟ್ಟೇನಿ."

ಸಾಹೇಬರ ಮೀಸೆ ಸ್ವಲ್ಪ ಅಲುಗಾಡಿತು. "ಹೂಂ. ಲಡಾಯಿ ಮುಗೀಲಿ," ಎಂದು ಕುಡಿಯಲು ನೀರು ಕೇಳಿದರು. ರಾಚವ್ವ ತಂಬಿಗೆಯ ಜೊತೆ ಬೆಲ್ಲವನ್ನೂ ತಂದಳು.

"ಅಂಗಳ ಭಾಳ ಸ್ವಚ್ಛ ಐತಿ," ಎಂದರು ಸಾಹೇಬರು. ರಾಚವ್ವ ಮೊಮ್ಮಗಳ ಕಡೆ, ಈಗೇನಂತಿ ಎನ್ನುವ ಹಾಗೆ ನೋಡಿದಳು.

ಮರುದಿನ ಬೆಳಗ್ಗೆ ಕಸಬರಿಗೆಯ ಸದ್ದು ಕೇಳಿದ್ದೇ ಲಕ್ಕವ್ವ ಹಾಸಿಗೆಯಿಂದ ಎದ್ದು ಓಡಿದಳು.

ಅಜ್ಜಿ ಗುಡಿಸುತ್ತಿದ್ದಳು. ದ್ವೀಪಗಳ ಹತ್ತಿರ ಬಂದ ಕಸಬರಿಗೆ ಅವನ್ನು ಸುತ್ತಿ ಆಚೆ ಹೋಯಿತು. ನಿಕೋಬಾರ್ ಕೆದರಲು ಬಂದ ಕೋಳಿಗೆ "ಹುಶ್, ಅದು ಸಾಲಿದು," ಎಂದು ಗದರಿದಳು.

ಲಕ್ಕವ್ವ ಕೊಟ್ಟಿಗೆಗೆ ಹೋಗಿ ಸೆಗಣಿ ಬುಟ್ಟಿ ತಂದಳು. ದ್ವೀಪಗಳನ್ನು ಬಿಟ್ಟು ಉಳಿದ ಸಮುದ್ರ ಸಾರಿಸಲು ಅಜ್ಜಿಯ ಪಕ್ಕ ಕೂತಳು.