ಬಿಸಿಲಿಗೆ ಎದ್ದ ಬೆರಳುಗಳು

“ಇದನ್ನ ಈಗಿಂದೀಗ ಅಳಸ್ರಿ.”

ಜಯಮಾಲಾ ಕೈಗೆ ಸುತ್ತಿದ್ದ ವೇಲನ್ನು ಬಿಚ್ಚಿ, ಎಡಗೈಯನ್ನು ಲ್ಯಾಬಿನ ಕಲ್ಲುಕಟ್ಟೆಯ ಮೇಲಿಟ್ಟಳು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳು, ಒಳಮಗ್ಗುಲಿಗೆ ಒಂದು ಹೆಬ್ಬೆರಳು. ಕಾಡಿಗೆಯಲ್ಲಿ ಅದ್ದಿ ಒತ್ತಿದಂಥ ಕಪ್ಪು. ಗಂಡಸಿನ ಕೈ ಎಂದು ಯಾರೂ ಹೇಳಬಹುದಿತ್ತು.

ಸಂಗಮೇಶ ಬಗ್ಗಿ ನೋಡಿದ. ಆ ಕೈ ಅವನದೇ.

“ಸೋಪು ಹಚ್ಚಿದೆ. ಹುಣಸಿಹಣ್ಣು ತಿಕ್ಕಿದೆ. ನಮ್ಮ ತ್ವಾಟದ ನಿಂಬಿಹಣ್ಣು ಆರು ಹಿಂಡಿದೆ. ಉರಿ ಬಂತು, ಇದು ಹೋಗಲಿಲ್ಲ.”

ಇಂಡಿ ಪಟ್ಟಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಸಂಗಮೇಶ ಎರಡು ವರ್ಷದಿಂದ, 2006ರಿಂದ, ಒಂದೇ ಪ್ರಯೋಗಕ್ಕೆ ಬಿದ್ದಿದ್ದ. ಗೋವಿನಜೋಳದ ಪಿಷ್ಟದ ಗಂಜಿಯಲ್ಲಿ ಬೆಳ್ಳಿಯ ನ್ಯಾನೊ ಕಣಗಳನ್ನು, ಕಣ್ಣಿಗೆ ಕಾಣದಷ್ಟು ಸಣ್ಣವನ್ನು, ಹುಟ್ಟಿಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿದರೆ ಪ್ಲಾಸ್ಟಿಕ್ಕಿನಂಥ ಹಾಳೆಯಾಗುತ್ತಿತ್ತು. ಅದರಲ್ಲಿ ಸುತ್ತಿಟ್ಟ ನಿಂಬೆಗೆ ಬೂಸ್ಟು ಹಿಡಿಯುತ್ತಿರಲಿಲ್ಲ. ಬಿಸಾಡಿದರೆ ಹಾಳೆ ಮಣ್ಣಲ್ಲಿ ಮಣ್ಣಾಗುತ್ತಿತ್ತು. ನಿಂಬೆ ಬರುತ್ತಿದ್ದುದು ತಾಂಬಾ ಹಳ್ಳಿಯ ಖಂಡೆಪ್ಪನ ತೋಟದಿಂದ. ಪ್ರತಿ ಬುಧವಾರ ತರುತ್ತಿದ್ದವಳು ಇಂಡಿಗೆ ಕಂಪ್ಯೂಟರ್ ಕ್ಲಾಸಿಗೆ ಬರುವ ಅವನ ಮಗಳು ಜಯಮಾಲಾ.

“ಬೆಳ್ಳಿಯೊಳಗ ಮಂದಿ ಕಾಲುಂಗುರ ಮಾಡಸ್ತಾರ. ನೀವು ಗಂಜಿ ಕಾಸ್ತೀರಿ. ನಿಮಗ ಹೆಣ್ಣು ಕೊಡೋರು ಯಾರ್ರಿ?” ಎಂದು ಅವಳು ಓರೆಗಣ್ಣಿನಿಂದ ನೋಡಿದಾಗಲೆಲ್ಲ ಅವನು ತಕ್ಕಡಿಯ ಮುಳ್ಳು ನೋಡುತ್ತಿದ್ದ. ಉತ್ತರ ಹೊಳೆಯುತ್ತಿದ್ದುದು ಅವಳು ಬಸ್ಸು ಹತ್ತಿದ ಮೇಲೆ.

ನಿನ್ನೆ ಸಂಜೆ ಅವಳು ಕಾದ ಗಾಜಿನ ಕಡೆ ಕೈ ಚಾಚಿದ್ದಳು. ಗಾಬರಿಯಲ್ಲಿ ಅವನು ಮಣಿಕಟ್ಟು ಹಿಡಿದ. ಅವನ ಬೆರಳಿಗೆ ಬೆಳ್ಳಿಯ ಲವಣ, ಸಿಲ್ವರ್ ನೈಟ್ರೇಟ್, ಅಂಟಿತ್ತು. ನೀರಿನಂತೆ ಬಣ್ಣವಿಲ್ಲದ ದ್ರಾವಣ. ಮೈಗೆ ತಾಗಿದರೆ ಆಗ ಏನೂ ಕಾಣದು, ಬಿಸಿಲು ಬಿದ್ದ ಮೇಲೆ ಕಪ್ಪಾಗುತ್ತದೆ. ಅದು ನೆನಪಾಗಿ ಅವನು ಬಸ್ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ಬಸ್ಸು ಹೋಗಿತ್ತು.

“ಮುಂಜಾನಿ ಅರಿವಿ ಒಣಹಾಕಾಕ ಅಂಗಳಕ್ಕ ಹೋದೆ,” ಅವಳ ದನಿ ಇಳಿಯಿತು. “ನೋಡನೋಡತಿದ್ದಂಗ ನಿಮ್ಮ ಬೆರಳು ಒಂದೊಂದ ಎದ್ದು ಬಂದುವು. ಯಾವಾಗ ಹೋಗ್ತಾವ್ರಿ?”

“ತೊಗಲು ತಾನ ಉದುರಬೇಕ್ರಿ. ಹತ್ತು ಹದಿನೈದು ದಿನಾ.”

“ಇವತ್ತ ಸಂಜಿ ನಾಕಕ್ಕ ಯಂಕಂಚಿಯವರು ನನ್ನ ನೋಡಾಕ ಬರ್ತಾರ.”

ಅವನು ತನ್ನ ಎಡ ಅಂಗೈ ತೆರೆದು ತೋರಿಸಿದ. ನಡುವೆ ಕೆಂಪು ಬೊಬ್ಬೆ.

“ಈ ಕಪ್ಪು ಕಲಿ ತಗಿಯೂ ಔಷಧ ಒಂದು ಐತ್ರಿ. ಬೆಳಿಗ್ಗೆ ನನ್ನ ಮ್ಯಾಲ ಹಚ್ಚಿ ನೋಡಿದೆ. ತೊಗಲು ಸುಡತೈತಿ. ನಿಮಗ ಹಚ್ಚಾಂಗಿಲ್ಲ.”

ಅವಳು ಬೊಬ್ಬೆಯನ್ನು ನೋಡಿದಳು, ಅವನನ್ನು ನೋಡಿದಳು. “ದಿನಾ ಗ್ಲೌಸ್ ಹಾಕ್ಕೋತೀರಲ್ಲ? ನಿನ್ನಿ ಎಲ್ಲಿ ಹೋಗಿದ್ವು?”

“ತಗದಿಟ್ಟಿದ್ದೆ.”

“ಯಾಕ?”

“ಹಾಕ್ಕೊಂಡ್ರ ಎಮ್ಮಿ ಡಾಕ್ಟರ್ ಅಂತ ನಗ್ತಿದ್ರಿ. ಅದಕ್ಕ ಬುಧವಾರ… ನೀವು ಬರೂ ಹೊತ್ತಿಗೆ… ಪ್ರತಿ ಬುಧವಾರ ತಗದಿಡ್ತಿದ್ದೆ.”

ಕಿಟಕಿಯಾಚೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಜಯಮಾಲಾಳ ಕಣ್ಣು ತುಂಬಿದವು, ತುಟಿ ಮಾತ್ರ ನಗಲು ನೋಡಿತು.

“ಇಷ್ಟು ಹೇಳಾಕ ನನ್ನ ಕೈ ಕರ್ರಗಾಗಬೇಕಾತೇನ್ರಿ? ಈಗ ನಾ ಏನು ಮಾಡ್ಲಿ?”

“ತಿಳಿವಲ್ದ್ರಿ.”

“ನನಗೂ.” ಅವಳು ವೇಲು ಸುತ್ತಿಕೊಂಡು ಹೊರಟುಹೋದಳು.

ಮಧ್ಯಾಹ್ನದ ಬಸ್ಸು ಹತ್ತುವಾಗಲೂ ಸಂಗಮೇಶನಿಗೆ ತಾನು ಹೋಗಿ ಏನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಹೋಗದಿದ್ದರೆ ಅವಳೊಬ್ಬಳೇ ಉತ್ತರ ಹೇಳಬೇಕಾಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ತಾಂಬಾದ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಜಯಮಾಲಾಳ ತಾಯಿ ಚನ್ನವ್ವ ಮಗಳ ಕೈತುಂಬ ಹಸಿರು ಬಳೆ ಏರಿಸಿದ್ದಳು. ವರನ ತಾಯಿ ಸುಮಿತ್ರಾಬಾಯಿ, ಪದ್ಧತಿಯಂತೆ, ಹುಡುಗಿಯ ಕೈ ಹಿಡಿದು ನೋಡಲು ಬಳೆ ಮೇಲೆ ಸರಿಸಿದಳು.

“ಇದೇನವಾ?”

“ಮದರಂಗಿ ಐತ್ರಿ,” ಎಂದಳು ಚನ್ನವ್ವ.

“ಮದರಂಗಿ ಇಷ್ಟು ಕರ್ರಗ ಏರತೈತೇನು? ಇವು ಬೆರಳಿನ ಗುರುತಲ್ಲೇನು?”

ಹೊಸ್ತಿಲಲ್ಲಿ ನಿಂತಿದ್ದ ಸಂಗಮೇಶ ಒಳಗೆ ಬಂದ. ಕಪ್ಪು ಹತ್ತಿದ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಚಾಚಿದ.

“ನನ್ನವ್ರಿ. ಅವ್ರದೇನೂ ತಪ್ಪಿಲ್ಲ.”

ಖಂಡೆಪ್ಪ ದಿಗ್ಗನೆದ್ದ. ಸಂಗಮೇಶ ಗಾಜು, ಗಂಜಿ, ಬೆಳ್ಳಿ, ಬಿಸಿಲು ಎಲ್ಲವನ್ನೂ ಹೇಳಿದ. ಸತ್ಯವನ್ನೇ ಹೇಳುತ್ತಿದ್ದರೂ, ಆ ಪಡಸಾಲೆಯಲ್ಲಿ ಅದು ಅವನ ಕಿವಿಗೇ ಸುಳ್ಳಿನಂತೆ ಕೇಳಿತು.

ಸುಮಿತ್ರಾಬಾಯಿ ಸಾವಕಾಶವಾಗಿ ಕೇಳಿದಳು, “ಅಂದ್ರ, ಗಾಜು ಕಾದಿತ್ತಂತ ಕೈ ಹಿಡದಿ. ಅಷ್ಟ ಹೌದಲ್ಲೋ ತಮ್ಮಾ?”

ಹೌದು ಎಂದರೆ ಸಾಕಿತ್ತು. ಸಂಬಂಧ ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಅವನು ಜಯಮಾಲಾಳ ಕಡೆ ನೋಡಿದ. ಅವಳು ಕಣ್ಣು ಕದಲಿಸದೆ ಅವನನ್ನೇ ನೋಡುತ್ತಿದ್ದಳು. ಏನು ಹೇಳಬೇಕೆಂದು ಆ ಕಣ್ಣು ತಿಳಿಸಲಿಲ್ಲ. ಏನು ಹೇಳುತ್ತಾನೆಂದು ಕಾಯುತ್ತಿತ್ತು.

“ಹಿಡದದ್ದು ಅದಕ್ಕರಿ,” ಎಂದ. “ಬಿಡಾಕ ತಡಾ ಮಾಡಿದ್ದು ಅದಕ್ಕಲ್ರಿ.”

ಯಂಕಂಚಿಯವರು ಎದ್ದರು. ಚಪ್ಪಲಿ ಹುಡುಕುವ ಸದ್ದು, ಚನ್ನವ್ವನ ಬಿಕ್ಕು.

“ಒಳಗ ನಡಿ,” ಖಂಡೆಪ್ಪ ಮಗಳಿಗೆ ಗದರಿದ.

ಜಯಮಾಲಾ ಎದ್ದು ನಿಂತಳು. ಆದರೆ ಒಳಗೆ ಹೋಗಲಿಲ್ಲ.

“ನಾನೂ ಬಿಡಿಸ್ಕೊಳ್ಳಿಲ್ಲ, ಅಪ್ಪಾ.”